ಅಂಗೈ ಹುಣ್ಣು

ಕೂತುಕೊ. ಆ ಬಕೆಟ್ಟು ಸರಿಸು, ಎರೆಹುಳವಿದೆ ಅದರಲ್ಲಿ.
ಈರಿ ಸರೋವರದ ಗಾಳಿ ಈ ಅಂಗಡಿಯ ಬಾಗಿಲನ್ನು
ನೆಟ್ಟಗೆ ನಿಲ್ಲಲು ಬಿಟ್ಟದ್ದೇ ಇಲ್ಲ.
ಕ್ಲೀವ್‌ಲ್ಯಾಂಡಿನಿಂದ ಇಷ್ಟು ದೂರ ಕಾರು ಹೊಡೆದುಕೊಂಡು ಬಂದೆ,
ಕೇಳಿದ್ದು ಒಂದೇ ಮಾತು:
ಎಮಿಲ್ ವೊಯ್ತಾಸಿಕ್‌ಗೆ ಕಂಚಿನ ಫಲಕ ಸಲ್ಲುತ್ತದೆಯೇ?

ಹತ್ತು ವರ್ಷ ಆಡಿರಬೇಕು ಎನ್ನುತ್ತದೆ ನಿಯಮ.
ಅವನು ಆಡಿದ್ದು ಐದು, ಮತ್ತೆ ಆರನೆಯದರಲ್ಲಿ ಅರ್ಧ.
ನಿಯಮ ತಿದ್ದಲು ನಿಮ್ಮ ಸಮಿತಿಗೆ ಸಾಕ್ಷಿ ಬೇಕಂತೆ,
ಅಂಕಿ ಸಾಲದಂತೆ.

ಸರಿ. ಇಗೋ ನನ್ನ ಎಡಗೈ.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?
ಅವನು ಎಸೆಯುವ ದಿನ ಬೆಳಿಗ್ಗೆ ಕಸಾಯಿ ಅಂಗಡಿಗೆ ಹೋಗಿ
ಅಂಗೈಯಗಲದ ಹಸಿಮಾಂಸ ಕೊಯ್ಸಿ ತಂದು
ಗ್ಲೌಸಿನೊಳಗೆ ಹಾಸಿಕೊಂಡು ಕೂರುತ್ತಿದ್ದೆ.
ಏಳನೆಯ ಇನ್ನಿಂಗ್ಸಿಗೆ ಅದು ಬೆಂದ ಹಾಗಾಗಿರುತ್ತಿತ್ತು.
ಬೇರೆಯವರ ಚೆಂಡು ಬರುತ್ತದೆ.
ಇವನದು ಬಂದಿರುತ್ತಿತ್ತು.

ಹೌದು ಎನ್ನಲೇ ಹಾಗಾದರೆ? ತಡಿ.
ಹಾರ್ಲನ್ ಬೀಬಿ ಅಂತ ಇದ್ದ, ಹತ್ತೊಂಬತ್ತು ವರ್ಷ ಎಸೆದ.
ಮೈ ಜುಮ್ಮೆನ್ನಿಸುವ ಒಂದು ಎಸೆತವೂ ಇರಲಿಲ್ಲ ಅವನಲ್ಲಿ.
ಭುಜಕ್ಕೆ ಐಸು ಕಟ್ಟಿಕೊಂಡು ಬಸ್ಸಿನ ಕೊನೆಯ ಸೀಟಿನಲ್ಲಿ
ಹಲ್ಲು ಕಚ್ಚಿ ನಿದ್ದೆ ಮಾಡುತ್ತಿದ್ದ.
ನಲವತ್ತಾದರೂ ಇಪ್ಪತ್ತರ ಹುಡುಗರ ಕೈಲಿ ಬಾರಿಸಿಕೊಂಡು
ಮರುವಾರ ಮತ್ತೆ ದಿಬ್ಬ ಹತ್ತುತ್ತಿದ್ದ.
ಉಳಿಯುವುದು ಸಣ್ಣ ವಿದ್ಯೆ ಅಂದುಕೊಂಡೆಯಾ?
ಬೀಬಿಯ ಹೆಂಡತಿ ಇನ್ನೂ ಇದ್ದಾಳೆ, ಟೊಲೀಡೊದಲ್ಲಿ.
ಅವಳಿಗೆ ಏನು ಹೇಳುತ್ತೀರಿ?

ಇನ್ನೊಂದು. ಆಡದ ವರ್ಷಗಳನ್ನು ಎಣಿಸುವುದು ಹೇಗೆ?
ಆ ನಾಲ್ಕೂವರೆ ವರ್ಷವನ್ನು ಎಲ್ಲರೂ
ಚಿನ್ನದಲ್ಲೇ ಎರಕ ಹೊಯ್ಯುತ್ತಾರೆ.
ಯಾರಿಗೆ ಗೊತ್ತು, ಕುಡಿಯುತ್ತಿದ್ದನೇನೋ,
ಹೊಟ್ಟೆ ಬರುತ್ತಿತ್ತೇನೋ,
ನನ್ನ ಹಾಗೆ ಬೆಂಚು ಬೆಚ್ಚಗೆ ಮಾಡುತ್ತಿದ್ದನೇನೋ.
ಮುರಿದವನು ಸವೆಯುವುದೇ ಇಲ್ಲ, ನೋಡು.

ಬರೆದುಕೊಳ್ಳುತ್ತಿದ್ದೀಯಾ? ಪೆನ್ನು ಕೆಳಗಿಡು ಈಗ.

ಜುಲೈ, ಶನಿವಾರ, ಒಂಬತ್ತನೆಯ ಇನ್ನಿಂಗ್ಸು.
ನೂರ ನಲವತ್ತು ಎಸೆತ ಆಗಿತ್ತು. ಆಗ ಯಾರೂ ಎಣಿಸುತ್ತಿರಲಿಲ್ಲ,
ಕ್ಯಾಚರನ ಅಂಗೈ ಒಂದನ್ನು ಬಿಟ್ಟು.
ಆರನೆಯದರಿಂದಲೇ ಚೆಂಡು ಹಗುರಾಗಿತ್ತು.
ಗ್ಲೌಸಿನೊಳಗೆ ಮಾಂಸ ತಣ್ಣಗಿತ್ತು.
ನನಗೆ ಗೊತ್ತಿತ್ತು.
ಮ್ಯಾನೇಜರ್ ನನ್ನ ಕಡೆ ನೋಡಿದ;
ಚೆನ್ನಾಗಿದ್ದಾನೆ ಎಂದು ತಲೆಯಾಡಿಸಿದೆ.
ಗೆದ್ದರೆ ಬೋನಸ್ಸಿತ್ತು. ನನ್ನ ನೋರೀನ್ ಬಸುರಿ.
ತೊಡೆಗಳ ನಡುವೆ ಎರಡು ಬೆರಳು ಇಳಿಸಿದೆ. ಕರ್ವ್.
ಅವನು ಬೇಡವೆಂದ.
ಅಷ್ಟು ವರ್ಷದಲ್ಲಿ ಮೊದಲ ಸಲ.
ನಾನು ಮತ್ತೆ ಅದೇ ಎರಡು ಬೆರಳು.

ಹುರುಳಿಕಾಯಿ ಮುರಿದ ಹಾಗೆ, ಅಷ್ಟೇ ಸದ್ದು.
ಚೆಂಡು ಮಾತ್ರ ಬಾಗಿ ಬಂತು, ಎಂಥಾ ಚೆಂದವಾಗಿ,
ಬ್ಯಾಟು ಬರೀ ಗಾಳಿ ಸೀಳಿತು.
ಗೆದ್ದೆವು.

ಆಮೇಲೆ ಮೂವತ್ತು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದ.
ಬಲಗೈ ಕಿವಿಯಿಂದ ಮೇಲೆ ಏಳುತ್ತಿರಲಿಲ್ಲ;
ಎಡಗೈಯಲ್ಲಿ ಬಾಚಿ ಬಾಚಿ
ಬೈತಲೆ ಆಚೆ ಪಕ್ಕಕ್ಕೆ ಹೋಗಿತ್ತು.
ಕ್ರಿಸ್‌ಮಸ್ಸಿಗೆ ತಪ್ಪದೆ ಕಾರ್ಡು ಹಾಕುತ್ತಿದ್ದ,
ಎಡಗೈಯ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರದಲ್ಲಿ:
ಮಕ್ಕಳು ಹೇಗಿದ್ದಾರೆ, ಮೀನು ಸಿಗುತ್ತಿದೆಯಾ.
ಆ ಎಸೆತದ ಮಾತು ಒಮ್ಮೆಯೂ ಎತ್ತಲಿಲ್ಲ.
ಹೋದ ವರ್ಷ ಕಾರ್ಡು ಬರಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ, ನನ್ನ ಸಾಕ್ಷಿ ಯಾವ ಲೆಕ್ಕಕ್ಕೆ?
ಹೌದೆಂದರೆ ಹಳೆಯ ಸಾಲ ತೀರಿಸಿಕೊಂಡ ಎನ್ನುತ್ತೀರಿ.
ಇಲ್ಲವೆಂದರೆ
ಮೂರನೆಯ ಸಲ ಅದೇ ಬೆರಳು ಇಳಿಸಿದ ಹಾಗೆ.
ಕೊಡುವುದಾದರೆ ಕೊಡಿ. ಮೊಣಕೈ ನೋಡಿ ಅಯ್ಯೋ ಅಂತ ಕೊಡಬೇಡಿ.
ನಾನು ಹಿಡಿದದ್ದು ಅವನ ಗಾಯವನ್ನಲ್ಲ.

ಆ ಕಂಚಿನ ಮುಖಗಳಿಗೆಲ್ಲ ಟೋಪಿ ಇರುತ್ತದೆ, ಅಲ್ಲವೇ?
ಒಳ್ಳೆಯದಾಯಿತು.
ಬೈತಲೆ ಕಾಣುವುದಿಲ್ಲ.

ಹೋಗುವಾಗ ಬಾಗಿಲು ಎಳೆದುಕೊ. ಜೋರಾಗಿ.